ಹ್ಯಾಟ್‌ಟ್ರಿಕ್ಕಿನ ಹ್ಯಾಟು

ಯಾವ ಶಬ್ದ ಎಲ್ಲಿಂದ ಬಂತು ಅಂತ ಕೆದಕೋದು ನನ್ನ ಹಳೇ ಚಟ. ಕೇಳವರು ಇರಲಿ ಬಿಡಲಿ, ಹೇಳಾಕ ನಿಂತೆ ಅಂದ್ರ ಮುಗೀತು. ಹೈದರಾಬಾದಿನಾಗ ದಿನಕ್ಕೊಂದು ಸಾಫ್ಟ್‌ವೇರ್ ಕಂಪನಿ ಏಳಾಕತ್ತಿದ್ದ ಕಾಲ ಅದು. ನಮ್ಮ ಆಫೀಸ್ ಕ್ಯಾಬ್ ಡ್ರೈವರ್ ಬೀದರ ಕಡೆಯವ, ಮನಿ ಕುಷಾಯಿಗೂಡದಾಗ. ಎಲ್ಲಾರ ಜೋಡಿ ತೆಲುಗು, ನನ್ನ ಜೋಡಿ ಅಷ್ಟ ಕನ್ನಡ. ಒಂದಿನ ಸಿಗ್ನಲ್‌ನಾಗ ಕುಂತಾಗ ಅವಗ ಹ್ಯಾಟ್‌ಟ್ರಿಕ್ಕಿನ ಕಥಿ ಹೇಳಿದೆ. ಹಿಂದಕ ಇಂಗ್ಲೆಂಡಿನಾಗ ಒಬ್ಬ ಬೌಲರ್ ಸಾಲಾಗಿ ಮೂರು ಚೆಂಡಿಗೆ ಮೂರು ವಿಕೆಟ್ ತಗದ. ನೋಡಾಕ ಬಂದ ಮಂದಿ ವಂತಿಗಿ ಹಾಕಿ ಅವಗೊಂದು ಹ್ಯಾಟ್ ಕೊಡಿಸಿದ್ರಂತ.

"ಬಿಸಿಲ ಇಲ್ಲದ ದೇಶದಾಗ ಹ್ಯಾಟ್ ಯಾಕ ಬೇಕಿತ್ತರಿ?" ಅಂತ ನಕ್ಕ.

ಕಂಪನಿ ಟೂರ್ನಮೆಂಟ್ ಬಂತು. ಬಿಸಿಲಾಗ ನಿಲ್ಲಾಕ ಎಲ್ಲಾರೂ ಒಲ್ಲೆ ಅಂದಿದ್ದಕ್ಕ ನಾನ ಅಂಪೈರ್. ಶಾಣ್ಯಾತನ ತೋರಸಾಕ ಒಂದು ಅಗಲ ಅಂಚಿನ ಬಿಳೀ ಹ್ಯಾಟ್ ತಂದು, ಹ್ಯಾಟ್‌ಟ್ರಿಕ್ ತಗದವಗ ಇದು ಅಂತ ಸಾರಿದೆ. ಒಂದು ಟೀಮಿಗೆ ಒಬ್ಬ ಕಡಿಮಿ ಬಿದ್ದ, ಡ್ರೈವರ್ ಸೇರಿಕೊಂಡ. ಮ್ಯಾಚಿಗೆ ಹೆಂಡತೀನೂ ಕರಕೊಂಡು ಬಂದು, ಆ ಹ್ಯಾಟ್ ಅಕಿಗೆ ಬೆರಳು ಮಾಡಿ ತೋರಿಸಿದ್ದ.

ಬೌಲರ್ ಓವರ್ ಹಾಕೂಮುಂದ ತನ್ನ ಟೋಪಿ ಅಂಪೈರ್ ಕೈಯಾಗ ಕೊಡೋದು ರೂಢಿ. ಅವನೂ ತನ್ನ ಬೆವರಿನ ಟೋಪಿ ಕೊಟ್ಟು ಚೆಂಡು ಹಿಡದ. ಮೊದಲನೇದಕ್ಕ ಸ್ಟಂಪ್ ಹಾರಿತು. ಎರಡನೇದಕ್ಕ ಕ್ಯಾಚ್. ಮೂರನೇದಕ್ಕ ಬ್ಯಾಟ್ ಹಿಡದು ಬಂದವರು ನಮ್ಮ ಮ್ಯಾನೇಜರ್. ಚೆಂಡು ನೆಟ್ಟಗ ಬಂದು, ನಡುವಿನ ಸ್ಟಂಪಿನ ಮುಂದ, ಅವರ ಕಾಲಿಗೆ ಬಡೀತು. ಕುರುಡಗೂ ಕಾಣೋ ಔಟು. ಎಲ್ಲಾರೂ ಒದರಿದ್ರು. ಡ್ರೈವರ್ ಮಾತ್ರ ತಿರುಗಿ ನನ್ನ ಮಾರಿ ನೋಡಿದ.

ಆ ವಾರ ಪಗಾರ ಏರಸೋ ನನ್ನ ಅಪ್ರೈಸಲ್ ಮ್ಯಾನೇಜರ್ ಕೈಯಾಗ ಇತ್ತು. ನನ್ನ ಬೆರಳು ಮ್ಯಾಲ ಏಳಲಿಲ್ಲ.

"ಲೆಗ್ ಸೈಡಿಗೆ ಹೊಂಟಿತ್ತು," ಅಂದೆ.

ಹಸೀ ಸುಳ್ಳು. ಇವತ್ತಿಗೂ ನೆನಪಾದ್ರ ನನ್ನ ಮ್ಯಾಲ ನನಗ ಹೇಸಿಗಿ ಬರ್ತೈತಿ. ಓವರ್ ಮುಗಿದ ಮ್ಯಾಲ ಅವನ ಹಳೇ ಟೋಪಿ ತಿರುಗಿ ಕೊಟ್ಟೆ. ಜಾಡಿಸಿ ಹಾಕ್ಕೊಂಡು ಬೌಂಡರಿ ಕಡೆ ಹೋದ.

ಅಪ್ರೈಸಲ್ ಭಾಳ ಚಲೋ ಬಂತು. ಮರುದಿನ ಕ್ಯಾಬ್ ಹತ್ತಿದವನ ಆ ಬಿಳೀ ಹ್ಯಾಟ್ ಅವನ ಬಾಜೂ ಸೀಟಿನ ಮ್ಯಾಲ ಇಟ್ಟೆ. "ಇದು ನಿಂದ, ಇಟ್ಕೋ."

ಅವ ಅದನ್ನ ಎರಡೂ ಕೈಲೆ ಎತ್ತಿ, ಮುದುಡದಂಗ ನನ್ನ ತೊಡಿ ಮ್ಯಾಲ ಇಟ್ಟ.

"ಮೂರು ವಿಕೆಟ್ ತಗದವಂದಲ್ಲೇನ್ರಿ ಸರ ಇದು? ನಾ ಎರಡ ತಗದೀನಿ," ಅಂದು ಗಾಡಿ ಚಾಲೂ ಮಾಡಿದ.