ಉಗ್ರಪ್ಪನವರ ಸೈಕಲ್ಲಿಗಿಲ್ಲದ ಕ್ಲಚ್ಚು

ತರೀಕೆರೆಯ ಉಗ್ರಪ್ಪನವರು ಇಪ್ಪತ್ತೈದು ವರ್ಷ ಖಾಸಗಿ ಬಸ್ಸು ಓಡಿಸಿದವರು. ಕಣ್ಣು ಮಂಜಾಗಿ ಅವರು ಸ್ಟಿಯರಿಂಗ್ ಬಿಟ್ಟರೂ ಡ್ರೈವರ್‌ಗಿರಿ ಅವರನ್ನು ಬಿಡಲಿಲ್ಲ. ಊಟಕ್ಕೆ ಕುಳಿತಾಗಲೂ ಎಡಗಾಲು ಕ್ಲಚ್ಚೆಂದು ನೆಲವನ್ನು ಒತ್ತುತ್ತಿತ್ತು. ಹೆಂಡತಿ ಕರಿಬಸಮ್ಮ ಪಲ್ಯ ತರುವುದು ತಡವಾದರೆ ಗಂಟಲಿನಲ್ಲೇ ಹಾರನ್ ಹೊಡೆಯುತ್ತಿದ್ದರು.

೧೯೮೪ರಲ್ಲಿ ಅವರಿಗೊಂದು ಕೆಲಸ ಸಿಕ್ಕಿತು. ಮುಂಜಾನೆ ತರೀಕೆರೆಗೆ ಬಂದಿಳಿಯುವ ಪತ್ರಿಕೆಗಳನ್ನು ಮೊದಲ ಬಸ್ಸಿಗಿಂತ ಮುಂಚೆ ಲಿಂಗದಹಳ್ಳಿಯ ಏಜೆಂಟ್ ಗಂಗಾಧರಯ್ಯನವರಿಗೆ ಮುಟ್ಟಿಸಬೇಕು. ಬಸ್ಸಿಗಿಂತ ಹಿಂದೆ ಬೀಳುವವರಿಗೆ ಸಂಬಳ ಕೊಡುವ ಅಗತ್ಯ ಯಾರಿಗೂ ಇಲ್ಲ. ಆ ಮನೆಗೋ ಬೇರೆ ವರಮಾನವಿರಲಿಲ್ಲ. ಬಸ್ಸಿಗೆ ಸಾಲದ ಕಣ್ಣು ಸೈಕಲ್ಲಿಗೆ ಸಾಕೆಂದು ತಾವೇ ತೀರ್ಪು ಕೊಟ್ಟುಕೊಂಡ ಉಗ್ರಪ್ಪನವರು, ಬೆಟ್ಟದ ಕಾಫಿ ತೋಟದವರೊಬ್ಬರು ಮಾರಿದ ಐದು ಗೇರಿನ ಸೈಕಲ್ಲನ್ನು ಕೊಂಡು ತಂದರು. "ಗೇರು ನಂಗೇನ್ ಹೊಸದಾ?" ಎಂದರು.

ಬಸ್ಸಿನಲ್ಲಿ ಕ್ಲಚ್ಚು ಒತ್ತಿ, ಎಂಜಿನ್ನಿನ ಎಳೆತ ತಪ್ಪಿಸಿ, ಆಮೇಲೆ ಗೇರು ಬದಲಿಸುವುದು ಕ್ರಮ. ಸೈಕಲ್ಲಿನಲ್ಲಿ ಕ್ಲಚ್ಚು ಕಾಣದೆ, ಅವರು ಕಾಲನ್ನೇ ನಿಲ್ಲಿಸಿ ಗೇರಿನ ಕಡ್ಡಿ ಎಳೆಯುತ್ತಿದ್ದರು. ಅದೂ ಏರಿನ ನಡುವೆ, ಸೈಕಲ್ಲಿಗೆ ಉಸಿರು ಕಟ್ಟಿದ ಮೇಲೆ. ಮತ್ತೆ ತುಳಿದೊಡನೆ ಚೈನು ಕರಕರನೆ ಹಲ್ಲು ಕಡಿದು ಕಳಚಿಕೊಳ್ಳುತ್ತಿತ್ತು. ಅವರು ಇಳಿದು, ಕೈಗೆಲ್ಲ ಮಸಿ ಮಾಡಿಕೊಂಡು, ಅದನ್ನು ತಯಾರಿಸಿದವರ ವಂಶವನ್ನು ವಿಚಾರಿಸಿಕೊಳ್ಳುತ್ತಿದ್ದರು.

ಒಂದು ಸಂಜೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಒರೆಸುತ್ತಿದ್ದ ಕರಿಬಸಮ್ಮ, ಒಂದು ಕೈಯಲ್ಲಿ ಪೆಡಲು ತಿರುಗಿಸುತ್ತ ಇನ್ನೊಂದರಲ್ಲಿ ಕಡ್ಡಿ ಎಳೆದು ನೋಡಿದರು. ಚೈನು ಸದ್ದಿಲ್ಲದೆ ಹಿಂದಿನ ಚಿಕ್ಕ ಹಲ್ಲುಚಕ್ರದಿಂದ ದೊಡ್ಡದಕ್ಕೆ ಹತ್ತಿತು.

"ಇಲ್ನೋಡ್ರೀ, ತಿರುಗ್ತಾ ಇದ್ರೇನೇ ಇದು ಹತ್ತೋದು. ಏರು ಬರೋಕ್ ಮುಂಚೆನೇ, ಹಗೂರ್ಕೆ ತುಳೀತಾ ಎಳೀರಿ. ದೊಡ್ಡ ಚಕ್ರಕ್ಕೆ ಬಂದ್ರೆ ಕಾಲಿಗೆ ಭಾರ ಇರಲ್ಲ."

"ಕಾಲು ಆಡಿಸ್ತಾ ಗೇರ್ ಹಾಕೋದಾ? ನೀನ್ಯಾವ ಬಸ್ ಓಡ್ಸಿದ್ಯೇ?"

"ನಾನ್ ಬರೀ ಒರ್ಸೋಳು ಕಣ್ರೀ. ಆದ್ರೂ ಚೈನು ನನ್ ಮಾತ್ ಕೇಳ್ತು."

ಉಗ್ರಪ್ಪನವರು ಕೇಳಲಿಲ್ಲ. ಪತ್ರಿಕೆಗಳು ಮತ್ತೆ ಮತ್ತೆ ತಡವಾದವು. ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲವೆಂದು ಗಂಗಾಧರಯ್ಯನವರು ಖಡಾಖಂಡಿತವಾಗಿ ಹೇಳಿದರು. ಮರುದಿನವೇ, ಲಿಂಗದಹಳ್ಳಿಗೆ ಮುಂಚಿನ ಏರಿನಲ್ಲಿ ಉಗ್ರಪ್ಪನವರು ನಿಷ್ಠೆಯಿಂದ ಕಾಲು ನಿಲ್ಲಿಸಿದರು. ಚೈನೂ ಅಷ್ಟೇ ನಿಷ್ಠೆಯಿಂದ ಬಿತ್ತು. ಹಿಂದಿನಿಂದ ಮೊದಲ ಬಸ್ಸು ಬಂದು ನಿಂತಿತು. ಅದನ್ನು ಓಡಿಸುತ್ತಿದ್ದವನು ಸಣ್ಣಬೀರಪ್ಪ, ಒಂದು ಕಾಲದಲ್ಲಿ ಇವರ ಕೈಕೆಳಗೆ ಕ್ಲೀನರಾಗಿದ್ದವನು.

"ಅಣ್ಣಾ, ಹತ್ಕೊಳ್ರಿ. ಸೈಕಲ್ ಟಾಪ್ ಮೇಲೆ ಹಾಕೋಣ. ಊರಿಗೆ ಮುಂಚೆನೇ ಇಳಿಸ್ತೀನಿ, ನೀವು ತುಳ್ಕೊಂಡ್ ಹೋಗಿ. ನಾನ್ ಚೂರು ನಿಂತ್ಕೊಂಡ್ ಬತ್ತೀನಿ."

"ನಾನ್ ಓಡ್ಸಿದ್ ಬಸ್ಸಲ್ಲಿ ನಾನೇ ಪ್ಯಾಸೆಂಜರ್ ಆಗ್ಲೇನೋ? ಹೋಗೋ ಲೇ!"

ಬಸ್ಸು ಹೋಯಿತು. ಉಗ್ರಪ್ಪನವರು ಚೈನಿನೊಂದಿಗೆ ಗುದ್ದಾಡಿ ಸೋತು, ಸೈಕಲ್ಲು ತಳ್ಳಿಕೊಂಡು ತಲುಪಿದಾಗ, ಗಂಗಾಧರಯ್ಯನವರು ಕಟ್ಟು ಇಳಿಸಿಕೊಂಡರು.

"ನಾಳೆಯಿಂದ ಪೇಪರ್ ಬಸ್ಸಿಗೇ ಹಾಕಿಸ್ತೀನಿ ಉಗ್ರಪ್ಪೋರೇ. ಬೇಜಾರ್ ಮಾಡ್ಕೋಬೇಡಿ."

ಉಗ್ರಪ್ಪನವರು ಬೆವರು ಒರೆಸಿಕೊಂಡರು. ಹಣೆಯ ವಿಭೂತಿ ಹೋಗಿ, ಅಲ್ಲಿ ಚೈನಿನ ಮಸಿ ಬಂತು.

"ಹಾಕ್ಸ್ರಿ, ನಂಗೇನು. ಆದ್ರೆ ಆ ಸಣ್ಣಬೀರಂಗೆ ಒಂದ್ ಮಾತ್ ಹೇಳಿ. ಏರಲ್ಲೂ ಮೂರನೇ ಗೇರಲ್ಲೇ ಎಳೀತಾನೆ, ಎರಡಕ್ಕೆ ಇಳಿಸ್ಬೇಕು. ಈಗಿನೋರಿಗೆ ಬುದ್ಧಿ ಹೇಳಿದ್ರೂ ಕೇಳಲ್ಲ ಕಣ್ರೀ."