ಅತ್ತೆ ನೋಡದ ಕಾರಂಜಿ

ಅತ್ತೆಯ ಬಲಗೈ ಹೆಬ್ಬೆರಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಒಲೆ ಮುಂದೆ ಕೂತಿರಲಿ, ಕುರಿ ರೊಪ್ಪದ ಹತ್ತಿರ ನಿಂತಿರಲಿ, ಅದು ಉಳಿದ ನಾಲ್ಕು ಬೆರಳುಗಳ ಗೆಣ್ಣಿನ ಮೇಲೆ ಹತ್ತಿ ಇಳಿಯುತ್ತಲೇ ಇರುತ್ತಿತ್ತು. ಎಣಿಸಿ ಎಣಿಸಿ ಅದರ ತುದಿ ನುಣ್ಣಗಾಗಿ ಹೊಳೆಯುತ್ತಿತ್ತು. ಯಾವ ಕುರಿ ಎಂದು ಈಯುತ್ತದೆ, ಯಾವ ಬಸುರಿಗೆ ಎಷ್ಟು ದಿನ ಬಾಕಿ, ಸಂತೆಗೆ ಎಷ್ಟು ದಿನ, ಎಲ್ಲ ಆ ಬೆರಳಿನಲ್ಲೇ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಹಟ್ಟಿಯಲ್ಲಿ ಯಾರದೇ ಮದುವೆಗೆ ದಿನ ಗೊತ್ತು ಮಾಡುವ ಮೊದಲು ಹೆಂಗಸರು ಬಂದು ಅವಳನ್ನು ಕೇಳಿ ಹೋಗುತ್ತಿದ್ದರು.

ಅವಳು ನಮ್ಮಪ್ಪನ ಅಕ್ಕ. ಪಾವಗಡದ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ಎರಡನೇ ವರ್ಷಕ್ಕೆ ಇನ್ನೊಬ್ಬಳನ್ನು ಕರೆತಂದ. ಇವಳು ಒಂದು ಟ್ರಂಕು ಮತ್ತು ಒಂದಿಷ್ಟು ತೆಲುಗು ಹೊತ್ತುಕೊಂಡು ತವರಿಗೆ ವಾಪಸಾದಳು. ಟ್ರಂಕು ತುಕ್ಕು ಹಿಡಿಯಿತು, ತೆಲುಗು ಹಾಗೇ ಉಳಿಯಿತು. ನಮ್ಮನ್ನು ಹೊರಡಿಸುವಾಗ "ಪದ ಪದ" ಅನ್ನುವಳು. ಸಿಟ್ಟು ಬಂದರೆ "ಏಮೇ!" ಅನ್ನುವಳು. ನನ್ನ ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಕಪ್ಪೆ ಕಂಡರೆ ಹೆದರುವ ನನ್ನನ್ನು ಕೆರೆ ಏರಿ ಮೇಲೆ ಕೈಹಿಡಿದು ಶಾಲೆಗೆ ಬಿಟ್ಟದ್ದು ಎಲ್ಲ ಅವಳೇ. ನಮ್ಮವ್ವನಿಗೆ ನನ್ನ ತಮ್ಮಂದಿರೇ ಸಾಕಾಗಿಹೋಗಿದ್ದರು.

ಅತ್ತೆಗೆ ಜೀವಮಾನದಲ್ಲಿ ಇದ್ದದ್ದು ಒಂದೇ ಆಸೆ. ಸಿರಾದ ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಬೃಂದಾವನದ ಚಿತ್ರವಿತ್ತು, ಕೆಂಪು, ಹಸಿರು, ನೀಲಿ ಕಾರಂಜಿ. ವರ್ಷ ಮುಗಿದರೂ ಅದನ್ನು ತೆಗೆಯಲು ಬಿಡಲಿಲ್ಲ. "ನೀರಿಗೆ ಹೆಂಗೆ ಬಣ್ಣ ಬತ್ತದೆ? ಕೆಳಗಿನ ನೀರೂ ಕೆಂಪಗಿರ್ತದಾ, ಇಲ್ಲ ಮೇಲಕ್ಕೆ ಹಾರಿದ್ ಮಾತ್ರಾನಾ?" ಅಂತ ಕಂಡಕಂಡವರನ್ನೆಲ್ಲ ಕೇಳುತ್ತಿದ್ದಳು. ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ, ಎರಡು ವರ್ಷ ಪೀಡಿಸಿದ ಮೇಲೆ, ಅಪ್ಪ ಮತ್ತು ಚಿಕ್ಕಪ್ಪ ಒಪ್ಪಿದರು. ದಸರಾ ರಜದಲ್ಲಿ ಮನೆ ಮಂದಿಯೆಲ್ಲ ವ್ಯಾನು ಮಾಡಿಕೊಂಡು ಹೋಗುವುದು ಅಂತಾಯಿತು. ಹೋಗೋಣ ಅಂದದ್ದಷ್ಟೇ ಗಂಡಸರು. ಮಿಕ್ಕದ್ದೆಲ್ಲ ಅತ್ತೆಯದೇ ಕಾರುಬಾರು.

ಅಬ್ಬಬ್ಬಾ, ಏನು ಕಾರುಬಾರು! ಸಿರಾಕ್ಕೆ ಬಸ್ಸಿನಲ್ಲಿ ಹೋಗಿ ವ್ಯಾನಿನ ಪ್ರತಿಯೊಂದು ಸೀಟಿನ ಮೇಲೂ ಕೂತು ಎದ್ದು ಪರೀಕ್ಷೆ ಮಾಡಿ ಬಂದಳು. ಡ್ರೈವರ್ ಸಾಬರು ನಗುತ್ತಾ, "ಗಾಡಿ ತಗೊಳ್ಳೋರೂ ಇಷ್ಟು ನೋಡಲ್ಲಕ್ಕಾ" ಅಂದರಂತೆ. ವಾಂತಿ ಮಾಡುವ ನನ್ನ ತಮ್ಮ ಕಿಟಕಿ ಪಕ್ಕ, ಅವನ ಬಾಯಿಗೆ ಹುಣಸೆಹಣ್ಣು, ಮೂರು ದಿನಕ್ಕೆ ಒಣಗಿಸಿದ ಕಟಕ್ಲು ರೊಟ್ಟಿ, ಹುಚ್ಚೆಳ್ಳು ಪುಡಿ, ಎಲ್ಲ ಗೊತ್ತಾಯಿತು. ಇಳಿದುಕೊಳ್ಳುವುದೆಲ್ಲಿ? ಬೃಂದಾವನದ ತೋಟದ ಪಕ್ಕದಲ್ಲಿದ್ದದ್ದು ದೊಡ್ಡವರು ಇಳಿಯುವ ಹೋಟೆಲು. ಅತ್ತೆ ನಮ್ಮ ಶಾಲೆ ಮೇಷ್ಟ್ರ ಕೈಲಿ ಕಾಗದ ಬರೆಸಿ ಶ್ರೀರಂಗಪಟ್ಟಣದ ಒಂದು ಛತ್ರದಲ್ಲಿ ಜಾಗ ಹಿಡಿದಳು. ಅಷ್ಟು ದೂರ ಯಾಕಕ್ಕ ಅಂದ ಅಪ್ಪನಿಗೆ, "ಮಲಗೋದು ಎಲ್ಲಾದ್ರೇನ್ಲಾ, ನೋಡೋದು ಕಣ್ಣಲ್ಲಿ ತಾನೆ?" ಅಂದಳು.

ಆದರೆ ಇದೆಲ್ಲಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಅದು ಗಂಡಸರಿಗೆ ಗೊತ್ತೇ ಇರಲಿಲ್ಲ. ನಮ್ಮದು ಕುರಿ ಸಾಕುವವರ ಹಟ್ಟಿ. ಮುಟ್ಟಾದ ಹೆಂಗಸು ಮೂರು ದಿನ ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇರಬೇಕು. 'ಹೊರಗಾದಳು' ಅನ್ನುತ್ತಿದ್ದೆವು. ಹುಡುಗಿ ಮೊದಲನೇ ಸಲ ದೊಡ್ಡವಳಾದರಂತೂ ಮುಗಿದೇ ಹೋಯಿತು. ಎಲ್ಲಿದ್ದರೂ ಹಟ್ಟಿಗೆ ಬರಬೇಕು, ಸೋದರಮಾವ ಹಸಿ ಸೊಪ್ಪಿನ ಗುಡ್ಲು ಹಾಕಬೇಕು, ಆಮೇಲೆ ಆರತಿ. ಅಜ್ಜಿಯೋ, ಮನೆದೇವರ ಬುಟ್ಟಿ ಬಿಟ್ಟು ಹೊಸಲು ದಾಟುವವಳಲ್ಲ. ಬುಟ್ಟಿ ಇದ್ದ ವ್ಯಾನಿನಲ್ಲಿ ಹೊರಗಾದವಳು ಹೇಗೆ ಕೂರುವುದು? ಅದಕ್ಕೇ ಅತ್ತೆ ಅಡುಗೆ ಮನೆ ಗೋಡೆಯ ಮೇಲೆ ಇದ್ದಲಿನಲ್ಲಿ ನಾಲ್ಕು ತಿಂಗಳ ಗೀಟು ಎಳೆದಿದ್ದಳು, ಅವ್ವನ ದಿನಕ್ಕೆ ಗೀಟು, ಚಿಕ್ಕಮ್ಮನದಕ್ಕೆ ಚುಕ್ಕೆ, ತನ್ನದಕ್ಕೆ ಅಡ್ಡಗೀಟು. ಮೂವರದೂ ಬೀಳದ ದಿನ ನೋಡಿ, "ಹುಣ್ಣಿಮೆ ಕಳೆದು ಐದಕ್ಕೆ ಹೊರಡೋದು" ಅಂದಳು. ಅಪ್ಪ ಪಂಚಾಂಗ ಕೇಳಿಸಿದ್ದಾಳೆ ಅಂದುಕೊಂಡ. ನನ್ನ ಲೆಕ್ಕ ಗೋಡೆಯ ಮೇಲಿರಲಿಲ್ಲ. ನಾನಿನ್ನೂ ಮಗು.

ತುಮಕೂರು, ಕುಣಿಗಲ್, ಮದ್ದೂರು ದಾಟಿ ಶ್ರೀರಂಗಪಟ್ಟಣ ಸೇರಿದಾಗ ಸಂಜೆ. ಹೆಂಗಸರೆಲ್ಲ ಒಂದೇ ಜಮಖಾನದ ಮೇಲೆ ಮಲಗಿದೆವು. ಮರುದಿನ ಬೆಳಿಗ್ಗೆ ಹೊಳೆ ಸ್ನಾನ, ರಂಗನಾಥನ ದರ್ಶನ, ಸಂಜೆಗೆ ಕಾರಂಜಿ ಅಂತ ಅತ್ತೆಯ ಏರ್ಪಾಟು. ಬೆಳಿಗ್ಗೆ ಎದ್ದಾಗ ನನಗೆ ಗೊತ್ತಾಯಿತು. ಗೊತ್ತಾಗದೆ ಏನು, ಹಟ್ಟಿಯ ಹುಡುಗಿ ನಾನು. ಬಚ್ಚಲಿಗೆ ಓಡಿ, ಇದ್ದ ಟವೆಲು ಹರಿದು ಕಟ್ಟಿಕೊಂಡು, ಲಂಗದ ಹಿಂಭಾಗ ಮುಂದಕ್ಕೆ ತಿರುಗಿಸಿ, ಕಲೆಯನ್ನು ನೆರಿಗೆಯಲ್ಲಿ ಮುಚ್ಚಿಕೊಂಡು ಬಂದೆ. ಬಾಯಿ ಬಿಟ್ಟರೆ ವ್ಯಾನು ಅಲ್ಲಿಂದಲೇ ಹಟ್ಟಿಗೆ ತಿರುಗುತ್ತಿತ್ತು. ಕ್ಲಾಸಿನ ಹುಡುಗಿಯರಿಗೆಲ್ಲ ಹೇಳಿ ಬಂದಿದ್ದೆ, ನೋಡಿಕೊಂಡು ಬರುತ್ತೇನೆ ಅಂತ. ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಇಷ್ಟೇ ನಿಜ.

ಬರುವಷ್ಟರಲ್ಲಿ ಅಜ್ಜಿ ಜಮಖಾನ ಮಡಿಸಲು ಹೋಗಿ ಕಲೆ ನೋಡಿದ್ದಳು. ದೇವರ ಬುಟ್ಟಿಯನ್ನು ಎದೆಗೆ ಅವಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು.

"ಯಾರೇ ಅದು? ಯಾರು ಹೊರಗಾಗಿರೋಳು? ಬಾಯ್ಬಿಡ್ರೇ!"

ಅವ್ವ ತಾನಲ್ಲ ಅಂದಳು. ಚಿಕ್ಕಮ್ಮ ದೇವರಾಣೆ ಮಾಡಿದಳು. ನನ್ನ ಕಡೆ ಯಾರೂ ನೋಡಲಿಲ್ಲ. ಅತ್ತೆ ಒಬ್ಬಳು ನೋಡಿದಳು, ಮೊದಲು ಮುಖ, ಆಮೇಲೆ ಹಿಂದುಮುಂದಾದ ಲಂಗ. ಅವಳ ಬೆರಳು ನಿಂತುಬಿಟ್ಟಿತು. ನಾನು ಹೇಳಲಿ ಅಂತ ಅಷ್ಟು ಹೊತ್ತು ಕಾದಳೋ ಏನೋ. ನಾನು ನೆಲ ನೋಡಿದೆ.

"ನಾನೇ ಕಣವ್ವ," ಅಂದಳು ಅತ್ತೆ. "ಲೆಕ್ಕ ತಪ್ಪೋಯ್ತು."

"ಥೂ ನಿನ್ನ! ಊರೋರ್ದೆಲ್ಲ ಎಣಿಸ್ತೀಯ, ನಿನ್ದೇ ಎಣಿಸ್ಕಳಾಕಾಗ್ಲಿಲ್ವಾ? ನಡಿ ಆಚೆ!"

ಛತ್ರದ ಹಿಂದೆ ಒಂದು ದನದ ಕೊಟ್ಟಿಗೆ ಇತ್ತು. ಅತ್ತೆಗೆ ಅಲ್ಲಿ ಗೋಣಿಚೀಲ ಹಾಕಿಕೊಟ್ಟರು. ಸಂಜೆ ತೋಟಕ್ಕಾದರೂ ಬರಲಿ, ಅಲ್ಲೇನು ಗುಡಿ ಇದೆಯಾ ಅಂತ ಚಿಕ್ಕಪ್ಪ ಒಂದು ಮಾತು ಹೇಳಿ ನೋಡಿದ. "ಅಲ್ಲೂ ಕಾವೇರಮ್ಮ ನಿಂತವ್ಳೆ. ಆ ಜನದಾಗೆ ಎಲ್ಲಾರ್ನೂ ಮುಟ್ಟಿಸ್ಕಂಡು ಬರ್ಲಾ ಇವ್ಳು?" ಅಂತ ಅಜ್ಜಿ ಬಾಯಿ ಮುಚ್ಚಿಸಿದಳು. ಹೊಳೆಗೆ ನಾನೂ ಹೋದೆ. ರಂಗನಾಥನ ಗುಡಿಯಲ್ಲಿ ತೀರ್ಥಕ್ಕೂ ಕೈಯೊಡ್ಡಿದೆ.

ಸಂಜೆ ಹೊರಡುವ ಮುಂಚೆ, ಚೊಂಬಿನಲ್ಲಿ ನೀರು ತಂದು ಕೊಡು ಅಂತ ಅತ್ತೆ ನನ್ನನ್ನೇ ಕರೆದಳು. ಹೋದೆ. ಅವಳು ತನ್ನ ಹಳೇ ಸೀರೆ ಹರಿದು ನಾಲ್ಕು ಮಡಿಕೆ ಮಾಡಿಟ್ಟಿದ್ದಳು. ಯಾರಾದರೂ ನೋಡಿಯಾರು ಅಂತ ನನ್ನ ಕೈಗೆ ಕೊಡದೆ ನೆಲದ ಮೇಲೆ ಇಟ್ಟು ಸರಿದಳು. ಹೇಗೆ ಕಟ್ಟಿಕೊಳ್ಳಬೇಕು ಅಂತ ಗೋಡೆ ಕಡೆ ಮುಖ ಮಾಡಿಕೊಂಡು ಹೇಳಿಕೊಟ್ಟಳು.

"ಓಡಾಡ್ಬೇಡ. ಒಂದ್ ಕಡೆ ಕುಂತ್ಕ. ಸರಿಯಾಗಿ ನೋಡ್ಕಂಡು ಬಾ, ಮೊದ್ಲು ಕೆಂಪು ಬತ್ತದಾ, ಹಸ್ರಾ, ಕೆಳಗಿನ ನೀರ್ಗೂ ಬಣ್ಣ ಇರ್ತದಾ ಅಂತ. ಬಂದ್ ಹೇಳು. ಏಮೇ, ಅಳ್ಬೇಡ, ಗೊತ್ತಾಗ್ಬುಡ್ತದೆ. ಪದ ಪದ."

ವ್ಯಾನು ಹತ್ತುವಾಗ ಸಾಬರು ಕೊಟ್ಟಿಗೆ ಕಡೆ ನೋಡಿ, "ಅಕ್ಕ ಬರೋದಿಲ್ವಾ? ಅವರದೇ ಅಲ್ವಾ ಈ ಪ್ರೋಗ್ರಾಂ ಎಲ್ಲಾ?" ಅಂದರು. ಅತ್ತೆಯೇ ಒಳಗಿಂದ ಕೂಗಿದಳು: "ಸಾಮಾನು ಕಾಯೋರು ಬ್ಯಾಡ್ವಾ ಸಾಬಣ್ಣ? ಹುಷಾರಾಗಿ ಕರ್ಕೊಂಡೋಗು."

ಕಾರಂಜಿ ನೋಡಿದೆ. ಚೆನ್ನಾಗಿತ್ತು. ಚೆನ್ನಾಗಿರಲಿಲ್ಲ, ದುಃಖದಲ್ಲಿ ಏನೂ ಕಾಣಿಸಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಮೊದಲ ಬಣ್ಣ ಬಂದಾಗ ಎಲ್ಲರ ಜೊತೆ ನಾನೂ 'ಹೋ' ಅಂದೆ. ತಮ್ಮನ ಪಾಲಿನ ಕಡಲೆಪುರಿ ಕಿತ್ತುಕೊಂಡು ತಿಂದೆ. ಹದಿಮೂರು ವರ್ಷದವಳಿಗೆ ಏನು ತಿಳಿಯುತ್ತದೆ ಅಂತ ಓದುವವರು ನನ್ನನ್ನು ಕ್ಷಮಿಸಬಹುದು. ನಾನು ಕ್ಷಮಿಸಿಕೊಂಡಿಲ್ಲ, ಯಾಕೆಂದರೆ ಅದಕ್ಕಿಂತ ಕೆಟ್ಟದ್ದು ಮಾರನೇ ದಿನ ನಡೆಯಿತು.

ವಾಪಸು ಬರುವಾಗ ಅಜ್ಜಿ ಬುಟ್ಟಿ ಹಿಡಿದು ಮುಂದೆ ಸಾಬರ ಪಕ್ಕ ಕೂತಳು. ಅತ್ತೆಯನ್ನು ಹಿಂದುಗಡೆ, ಪಾತ್ರೆ ಮೂಟೆಗಳ ನಡುವೆ ಗೋಣಿಚೀಲದ ಮೇಲೆ ಕೂರಿಸಿದರು. ನನ್ನದು ಕೊನೆಯ ಸೀಟು, ಅವಳಿಗೆ ತೀರಾ ಹತ್ತಿರ. ಮದ್ದೂರು ದಾಟಿದ ಮೇಲೆ ಮೆಲ್ಲಗೆ ಕೇಳಿದಳು: "ಹೇಳೇ, ಮೊದ್ಲು ಯಾವ ಬಣ್ಣ?"

ಅವಳ ಮುಖ ನೋಡಲು ನನ್ನ ಕೈಲಿ ಆಗಲಿಲ್ಲ. ಮಾತು ಶುರುವಾದರೆ ಎಲ್ಲ ಹೊರಗೆ ಬರುತ್ತದೆ ಅನ್ನುವ ಭಯ. "ನೆನಪಿಲ್ಲ ಹೋಗು ಅತ್ತೆ," ಅಂದು ಕಿಟಕಿ ಕಡೆ ತಿರುಗಿದೆ. ಚಿಕ್ಕಮ್ಮ ಕೇಳಿಸಿಕೊಂಡು, "ಲೆಕ್ಕ ತಪ್ಪಿಸ್ಕಂಡೋರಿಗೆ ಬಣ್ಣ ಯಾಕೆ?" ಅಂದಳು. ವ್ಯಾನೆಲ್ಲ ನಕ್ಕಿತು. ನಾನೂ ನಕ್ಕೆ. ಥೂ, ನನ್ನ ಜನ್ಮಕ್ಕಿಷ್ಟು.

ಮನೆಗೆ ಬಂದ ಮೇಲೂ ಅವಳ ಪಾಡು ಮುಗಿಯಲಿಲ್ಲ. ಉಳಿದ ದಿನ ಹೊರಗಿನ ಗುಡಿಸಲಲ್ಲಿ ಸುಮ್ಮನೆ ಕೂತಳು. ಹನ್ನೆರಡು ದಿನಕ್ಕೆ ಅವಳ ನಿಜವಾದ ದಿನ ಬಂತು, ಗೋಡೆಯ ಮೇಲೆ ಬರೆದಿದ್ದ ದಿನಕ್ಕೇ, ಒಂದು ದಿನ ಹಿಂದಿಲ್ಲ ಮುಂದಿಲ್ಲ. ತಿಂಗಳಿಗೆ ಎರಡು ಸಲವಾ ಅಂತ ಅಜ್ಜಿ ಗಾಬರಿಯಾಗಿ ಮಧುಗಿರಿ ಕಡೆಯ ನಾಟಿ ವೈದ್ಯನಿಂದ ಬೇರು ತರಿಸಿ, ನಲವತ್ತು ದಿನ ಕಷಾಯ ಕುಡಿಸಿದಳು. ವಿಷದ ಹಾಗೆ ಕಹಿ. ಇಲ್ಲದ ಕಾಯಿಲೆಗೆ ಅತ್ತೆ ದಿನಾ ಮೂಗು ಹಿಡಿದುಕೊಂಡು ಒಂದು ಲೋಟ ಕುಡಿದಳು. ಲೋಟ ತೊಳೆದು ಇಡುತ್ತಿದ್ದವಳು ನಾನು.

ದೀಪಾವಳಿ ಕಳೆದ ಮೇಲೆ ನನಗೆ ಮತ್ತೆ ಆಯಿತು. ಆಗ ಹೇಳಿದೆ. ಸೋದರಮಾವ ಕೊರಟಗೆರೆಯಿಂದ ಬಂದು ಸೊಪ್ಪಿನ ಗುಡ್ಲು ಹಾಕಿದ. ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ, ಆರತಿ, ಹಸೆ ಎಲ್ಲ ಆಯಿತು. ಎಲ್ಲರಿಗಿಂತ ಜಾಸ್ತಿ ಓಡಾಡಿದವಳು ಅತ್ತೆ. ನನ್ನ ಬಾಯಿಗೆ ಚಿಗಳಿ ಇಡುವಾಗ ಅವಳ ಕಣ್ಣಲ್ಲಿ ಒಂದಿಷ್ಟು ತುಂಟತನವಿತ್ತೇ ಹೊರತು ಬೇರೆ ಏನೂ ಇರಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಆಮೇಲೆ ಹಟ್ಟಿಯಲ್ಲಿ ಯಾರೂ ಅವಳನ್ನು ದಿನ ಕೇಳಲಿಲ್ಲ. "ಅವ್ಳನ್ನ ಕೇಳ್ಬೇಡ್ರಪ್ಪೋ, ಛತ್ರದ ಕೊಟ್ಟಿಗೆ ಸೇರ್ಬೇಕಾಗ್ತದೆ" ಅನ್ನುವುದು ನಗುವ ಮಾತಾಯಿತು. ಸಂಕ್ರಾಂತಿಗೆ ಸುಣ್ಣ ಹೊಡೆದಾಗ ಗೋಡೆಯ ಗೀಟುಗಳು ಹೋದವು. ಅತ್ತೆ ಮತ್ತೆ ಬರೆಯಲಿಲ್ಲ. ಮನೆಯಲ್ಲಿ ಅಂಥ ಕೆಲಸಕ್ಕೆ ಚಿಕ್ಕಮ್ಮನನ್ನು ಕರೆಯತೊಡಗಿದರು. ಅತ್ತೆಗೆ ಕುರಿಗಳ ಲೆಕ್ಕ ಮಾತ್ರ ಉಳಿಯಿತು.

ಎಂಬತ್ತರ ದಶಕದ ಮೊದಲಿಗೆ ನಾನು ಟೀಚರ್ ಟ್ರೇನಿಂಗಿಗೆ ಮೈಸೂರು ಸೇರಿದೆ. ಎರಡು ವರ್ಷ ಅಲ್ಲಿದ್ದೆ. ಗೆಳತಿಯರ ಜೊತೆ ಮೂರು ಸಲ ಕಾರಂಜಿ ನೋಡಿ ಬಂದೆ. ರಜಕ್ಕೆ ಹೋದಾಗ ಅತ್ತೆ ಕೇಳಿದಳು, "ನೀನಿರೋ ತಾವಿಂದ ಅದು ಎಷ್ಟು ದೂರ?" ಮೈಸೂರಿನ ಬಸ್ ಸ್ಟ್ಯಾಂಡಿನಿಂದ ಒಂದು ಗಂಟೆಯೂ ಇರಲಿಲ್ಲ. "ತುಂಬಾ ದೂರ ಅತ್ತೆ, ಬಸ್ಸು ಸರಿಯಿಲ್ಲ," ಅಂದೆ. ಅವಳನ್ನು ಕರೆದುಕೊಂಡು ಹೋದರೆ ಆ ನೀರಿನ ಮುಂದೆ ಅವಳ ಪಕ್ಕ ಕೂರಬೇಕಲ್ಲ, ಅವಳು ನೋಡುವುದನ್ನು ನಾನು ನೋಡಬೇಕಲ್ಲ. ಆ ಹೇಡಿತನಕ್ಕೆ ನನ್ನ ಹತ್ತಿರ ಬೇರೆ ಸಬೂಬಿಲ್ಲ. "ಸರಿ ಕಣೇ, ಬುಡು," ಅಂದು ಅತ್ತೆ ರಾಗಿ ಕೇರಲು ಹೋದಳು.

ನನಗೆ ಕೆಲಸ ಸಿಕ್ಕಿ ಮೂರನೇ ವರ್ಷ ಅವಳಿಗೆ ಕಾಮಾಲೆಯಾಯಿತು. ಸೊಪ್ಪಿನ ಔಷಧಿ ಕುಡಿಸಿ, ಕೊನೆಗೆ ಸಿರಾ ಆಸ್ಪತ್ರೆಗೆ ಸೇರಿಸಿದರು. ಸುದ್ದಿ ಬಂದು ನಾನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಹಟ್ಟಿಗೆ ತಂದು ಜಗಲಿ ಮೇಲೆ ಮಲಗಿಸಿದ್ದರು.

ಹನ್ನೊಂದನೇ ದಿನ ಎಡೆ ಇಟ್ಟು ಎಲ್ಲ ಊಟಕ್ಕೆ ಕೂತಾಗ, ಚಿಕ್ಕಮ್ಮ ಅಳುತ್ತಾ ನಗುತ್ತಾ ಆ ಕತೆ ಮತ್ತೆ ತೆಗೆದಳು. "ಪಾಪ, ಎಲ್ಲಾರ್ದೂ ಎಣಿಸಿ ತನ್ದೇ ಮರ್ತ್ಳಲ್ಲ!" ಸುತ್ತ ಇದ್ದವರು ಕಣ್ಣೊರೆಸಿಕೊಂಡು ನಕ್ಕರು. ನನಗೆ ತಡೆಯಲಾಗಲಿಲ್ಲ.

"ಅವಳು ಮರೀಲಿಲ್ಲ," ಅಂದೆ. "ಅವತ್ತು ಹೊರಗಾದೋಳು ನಾನು. ಅತ್ತೆ ತನ್ನ ಮೇಲೆ ಹಾಕ್ಕೊಂಡ್ಳು. ಅವಳ ಲೆಕ್ಕ ಯಾವತ್ತೂ ತಪ್ಪಿರ್ಲಿಲ್ಲ."

ಸೋದರಮಾವ ಎಲೆಯಿಂದ ತಲೆಯೆತ್ತಿದ. "ನೀನೆಲ್ಲಿ? ನಿನಗೆ ಗುಡ್ಲು ಹಾಕಿದೋನು ನಾನು. ದೀಪಾವಳಿ ಆದ್ಮೇಲೆ ಅಲ್ವಾ? ನೀವು ಹೋಗಿದ್ದು ಅದ್ಕೂ ಮುಂಚೆ."

ಚಿಕ್ಕಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನೋಡ್ರಮ್ಮ, ಸತ್ತೋಳ ಮಾನ ಕಾಯಾಕೆ ತನ್ ಮೇಲೆ ಹಾಕ್ಕಂತವ್ಳೆ. ಎಂಥಾ ಮನಸು! ಅವ್ಳು ಇವ್ಳನ್ನ ಸಾಕಿದ್ದೂ ಸಾರ್ಥಕ ಆಯ್ತು."

ಹೌದು ಹೌದು ಅಂದರು ಎಲ್ಲರೂ. ಅಲ್ಲ, ನಾನು ಹೇಳಿದ್ದು ನಿಜ ಅಂತ ಇನ್ನೊಂದು ಸಲ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವ್ವ ಬಂದು ನನ್ನ ಬೆನ್ನು ಸವರಿ, ಬೇರೆ ಯಾರಿಗೂ ಇಲ್ಲದ ಎರಡನೇ ವಡೆಯನ್ನು ನನ್ನ ಎಲೆಗೆ ಹಾಕಿದಳು. ತಲೆ ತಗ್ಗಿಸಿಕೊಂಡು ಅದನ್ನು ತಿಂದೆ.