ಬಂಗಾರಪೇಟೆ ಮುಟ್ಟದ ರೈಲು

ಕಳೆದ ವಾರ ಬೀರು ಖಾಲಿ ಮಾಡುವಾಗ, ಎರಡೂ ಅಂಚಿನಲ್ಲಿ ತೂತುಗಳಿರುವ ಹಳೆಯ ಪ್ರಿಂಟ್ ಹಾಳೆಯೊಂದು ಸಿಕ್ಕಿತು. ಅದರಲ್ಲಿ ನಲವತ್ತು ಸಾಲಿನ ಒಂದು ಪ್ರೋಗ್ರಾಂ. ಮುಕ್ಕಾಲು ಪಾಲಿಗೂ ಹೆಚ್ಚು ಸಾಲುಗಳ ಮೇಲೆ ಕೆಂಪು ಪೆನ್ಸಿಲಿನ ಗೆರೆ. ಆ ಗೆರೆ ಎಳೆದವರು ನಮ್ಮ ಕಂಪ್ಯೂಟರ್ ಮೇಷ್ಟ್ರು.

ಅವರು ಚಿನ್ನದ ಗಣಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ಗಣಿ ಮುಚ್ಚಿದ ಮೇಲೆ ತಾವೇ ಕಂಪ್ಯೂಟರ್ ಕಲಿತು, ಗಣಿಯೂರು ಚಾಂಪಿಯನ್ ರೀಫ್ಸ್‌ನ ಒಂದು ಕೋಣೆಯಲ್ಲಿ ನಮಗೆ ಕಲಿಸುತ್ತಿದ್ದರು. ನಕ್ಷೆಯಲ್ಲಿ ಬೇಡದ ಗೆರೆಯಿದ್ದರೆ ಕೆಳಗಿಳಿದವರು ದಾರಿ ತಪ್ಪುತ್ತಾರೆ ಎನ್ನುವುದು ಅವರ ಲೆಕ್ಕ. ಪಾಠದ ಪುಸ್ತಕದ ಉದಾಹರಣೆಗಳಿಗೂ ಅದೇ ನಿಯಮ.

ನಾನು ಬಂಗಾರಪೇಟೆಯಿಂದ ರೈಲಿನಲ್ಲಿ ಬರುತ್ತಿದ್ದೆ. ಎರಡು ತಿಂಗಳಾದರೂ, ಒಂದೇ ಕೆಲಸವನ್ನು ಎಣಿಸಿದಷ್ಟು ಸಲ ಮಾಡಿಸುವ ಲೂಪ್ ಎಂದರೇನು ಎಂದು ತಲೆಗೆ ಹತ್ತಿರಲಿಲ್ಲ. ಪುಸ್ತಕದ ಉದಾಹರಣೆಯಲ್ಲಿ ಲೂಪಿನ ಜೊತೆ ಪಾಸ್‌ವರ್ಡ್, ಬಣ್ಣ, ಫೈಲು ಎಲ್ಲವೂ ಇದ್ದವು. ಬಟ್ಟೆ ಅಂಗಡಿಯಲ್ಲಿ ಕೆಲಸವೊಂದು ಕಾದಿತ್ತು. ಕ್ಲಾಸಿಗೆ ಇದೇ ಕೊನೆಯ ದಿನ ಎಂದು ಮನೆಯಲ್ಲಿ ಹೇಳಿಯೇ ಬಂದಿದ್ದೆ.

"ಸಾರ್, ಇವತ್ತಿಗೆ ನಿಲ್ಲಿಸಿಬಿಡ್ತೀನಿ" ಅಂದೆ.

"ನಿಲ್ಸೋದು ಆಮೇಲೆ." ಮೇಷ್ಟ್ರು ಆ ಉದಾಹರಣೆಯ ಪ್ರಿಂಟ್ ಹಾಳೆಯ ಮೇಲೆ ಕೆಂಪು ಪೆನ್ಸಿಲ್ ಇಟ್ಟರು. "ಈ ಸಾಲು ಯಾಕೈತೆ ಅಂತ ಏಳು."

"ಗೊತ್ತಿಲ್ಲ ಸಾರ್."

"ನಂಗೂ ಗೊತ್ತಿಲ್ಲ ಕಣಮ್ಮಾ" ಎಂದು ಅದರ ಮೇಲೆ ಗೆರೆ ಎಳೆದರು. ಮುಂದಿನ ಸಾಲಿಗೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಗೆರೆ... ಕೊನೆಗೆ ಎಂಟು ಸಾಲು ಉಳಿದವು. ಪುಸ್ತಕದಲ್ಲಿದ್ದ ಯಾರ್‍ಯಾರದೋ ಹೆಸರುಗಳನ್ನು ತೆಗೆದು, ನಾನು ಓಡಾಡುವ ರೈಲು ದಾರಿಯ, ಮಾರಿಕುಪ್ಪಂನಿಂದ ಬಂಗಾರಪೇಟೆವರೆಗಿನ ಸ್ಟೇಷನ್‌ಗಳನ್ನು ಹಾಕಿದರು. ಆ ಎಂಟು ಸಾಲನ್ನು ಕಂಪ್ಯೂಟರಿನಲ್ಲಿ ಬರೆದು ಓಡಿಸಿದರು. ಪರದೆಯ ಮೇಲೆ ಸ್ಟೇಷನ್‌ಗಳು ಒಂದೊಂದಾಗಿ ಬಂದವು. ಬಂಗಾರಪೇಟೆ ಮಾತ್ರ ಬರಲಿಲ್ಲ.

"ಸಾರ್, ರೈಲು ಬಂಗಾರಪೇಟೆಗೇ ಓಗ್ಲಿಲ್ಲ! ನಾನು ಮನೆಗೆ ಓಗೋದೆಂಗೆ?"

"ಟಿಕೆಟ್ ತಗೊಂಡಿದ್ಯೇನೇ?" ಹಿಂದಿನ ಬೆಂಚಿನಿಂದ ಗೆಳತಿ ಕೂಗಿದಳು. ಕೋಣೆಯೆಲ್ಲ ನಗು.

ಮೇಷ್ಟ್ರು ಎಣಿಕೆಯಲ್ಲಿ ಒಂದು ಕಡಿಮೆ ಬರೆದಿದ್ದರು. ಕನ್ನಡಕ ಹಣೆಗೇರಿಸಿ ನೋಡಿದರು. ಎದ್ದು, ತಮ್ಮ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. "ದಾರೀಲಿ ಇಳಿಸ್ದೋನು ನಾನು. ಮನೆ ಮುಟ್ಸೋದು ನೀನೇ."

ಲೂಪ್ ಎಲ್ಲಿಯವರೆಗೆ ತಿರುಗಬೇಕು ಎನ್ನುವ ಅಂಕಿ ಯಾವುದೆಂದು ಹುಡುಕಬೇಕಾಗಲಿಲ್ಲ. ಎಂಟೇ ಸಾಲಲ್ಲವೇ, ಕಣ್ಣೆದುರೇ ಇತ್ತು. ತಿದ್ದಿದೆ. ಬಂಗಾರಪೇಟೆ ಬಂತು.

ಆ ಸಂಜೆ ಅಪ್ಪನಿಗೆ, ಬಟ್ಟೆ ಅಂಗಡಿಯವರಿಗೆ ಬೇರೆಯವರನ್ನು ನೋಡಿಕೊಳ್ಳಲು ಹೇಳಿ ಎಂದೆ. ಮುಂದಿನ ಬ್ಯಾಚಿಗೆ ಮೇಷ್ಟ್ರು ಅದೇ ತಪ್ಪನ್ನು ಬೇಕೆಂದೇ ಉಳಿಸಿಕೊಂಡರಂತೆ.

ಕಂಪನಿಗೆ ಹೊಸದಾಗಿ ಸೇರುವವರಿಗೆ ಮಾದರಿ ಕೋಡ್ ಬರೆದುಕೊಡುವುದು ಈಗ ನನ್ನ ಕೆಲಸ. ನಿನ್ನೆ ಒಬ್ಬ ಹುಡುಗಿ ನಾನು ಬರೆದ ಒಂದು ಸಾಲಿಗೆ ಬೆರಳಿಟ್ಟು, "ಮೇಡಂ, ಇದು ಯಾಕೆ?" ಅಂದಳು. "ನಂಗೂ ಗೊತ್ತಿಲ್ಲ ಕಣಮ್ಮಾ" ಎಂದು ಅಳಿಸಿದೆ. ಪ್ರೋಗ್ರಾಂ ಏನೂ ಆಗಿಲ್ಲವೆಂಬಂತೆ ಓಡಿತು. ಇಬ್ಬರೂ ನಕ್ಕೆವು. ಮೇಷ್ಟ್ರಿಗೆ ಇದನ್ನು ಹೇಳಲೇಬೇಕೆಂದು ಫೋನ್ ಎತ್ತಿಕೊಂಡೆ. ಹೆಸರು ಹುಡುಕಿ ಒತ್ತುವ ಹೊತ್ತಿಗೆ, ಅವರು ತೀರಿಕೊಂಡು ಎರಡು ವರ್ಷವಾಯಿತೆಂಬುದು ನೆನಪಾಯಿತು...